ಹಳ್ಳದ ಆಚೆಯ ಬೀಗರು

ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದ ವರ್ಷದ ಬೇಸಿಗೆಯ ಮಾತು ಇದು. ಗದಗಿನ ಹೆರಿಗೆ ಮನೆಯಲ್ಲಿ ನರ್ಸ್ ಆಗಿದ್ದ ನನ್ನನ್ನು ಕಾಲರಾ ತುಕಡಿಗೆ ಎರವಲು ಕೊಟ್ಟಿದ್ದರು. ಹಳ್ಳಿಯ ಹೆಂಗಸರು ಗಂಡಸರ ಮುಂದೆ ಕುಪ್ಪಸದ ತೋಳು ಮೇಲೆತ್ತಲು ಒಪ್ಪುತ್ತಿರಲಿಲ್ಲ. ಬರೀ ಗಂಡಸರಿಗೆ ಸೂಜಿ ಹಾಕಿ ಬಂದರೆ ಬೇನೆ ಅಡುಗೆಮನೆಯಿಂದ ಮತ್ತೆ ಹೊರಡುತ್ತಿತ್ತು. ತುಕಡಿ ಎಂದರೆ ನಾವು ಮೂರೇ ಜನ: ಆರೋಗ್ಯ ಖಾತೆಯ ಇನ್ಸ್‌ಪೆಕ್ಟರು, ನಾನು, ಪೆಟ್ಟಿಗೆ ಹೊರುವ ಒಬ್ಬ ಸಿಪಾಯಿ.

ಲಸಿಕೆ ಮುಂಬಯಿ ಕಡೆಯಿಂದ ರೈಲಿನಲ್ಲಿ ಬರುತ್ತಿತ್ತು. ಹುಲ್ಲಿನಲ್ಲಿ ಹುದುಗಿಸಿದ ಗಾಜಿನ ಸೀಸೆಗಳು. ಸ್ಟೇಷನ್ನಿನಿಂದ ಮುಂದೆ ಆ ಪೆಟ್ಟಿಗೆಗೆ ಒದ್ದೆ ಗೋಣಿತಟ್ಟು ಸುತ್ತಿ, ಅದು ಒಣಗದಂತೆ ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ಒಯ್ಯಬೇಕು. ಬಂದದ್ದರಲ್ಲಿ ದೊಡ್ಡ ಪಾಲು ಮುಂಡರಗಿಯ ಕಡೆಗೆ ಹೋಗುತ್ತಿತ್ತು. ನಿಜಾಮನ ಸೀಮೆಯಿಂದ ಓಡಿಬಂದ ಸಂಸಾರಗಳು ಅಲ್ಲಿ ಮರದ ಕೆಳಗೆ, ಬಯಲಿನಲ್ಲಿ ಬಿಡಾರ ಮಾಡಿದ್ದವು. ಬೇನೆ ಮೊದಲು ಕಾಣಿಸಿಕೊಂಡದ್ದೂ ಆ ಕಡೆಯೇ, ಸಿಂಗಟಾಲೂರಿನ ಹೊಳೆಯ ದಂಡೆಯಲ್ಲಿ. ಉಳಿದ ಸೀಸೆಗಳನ್ನು ತಾಲೂಕಿನ ಊರೂರಿಗೆ ತಲೆಯೆಣಿಸಿ ಹಂಚುತ್ತಿದ್ದರು. ಯಾವ ಊರು, ಯಾರ ಹೆಸರು, ಎಷ್ಟು ವಯಸ್ಸು, ಎಷ್ಟು ಔಷಧ ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಬರೆದದ್ದಕ್ಕೂ ಖಾಲಿ ಸೀಸೆಗಳಿಗೂ ತಾಳೆಯಾಗಬೇಕು.

ಇನ್ಸ್‌ಪೆಕ್ಟರು ಆ ತಾಳೆ ತಪ್ಪದ ಮನುಷ್ಯ. ನಿವೃತ್ತಿಗೆ ಒಂದೆರಡು ವರ್ಷ ಉಳಿದಿತ್ತು. ಕರಿ ಟೊಪ್ಪಿಗೆ, ಮುಚ್ಚು ಕೋಟು, ಸೈಕಲ್ಲು. ಕೆಲಸಕ್ಕೆ ಹೊಸಬಳಾದ ನನಗೆ ಮೊದಲ ದಿನವೇ ಹೇಳಿದ್ದರು: "ನರ್ಸಬಾಯಿ, ಸೂಜಿ ಕುದಿಸೂದು ಮರತ್ರ ಒಬ್ಬರಿಗೆ ತ್ರಾಸ. ಬರಿಯೂದು ಮರತ್ರ ಮುಂದಿನ ಊರಿಗೇ ಔಷಧ ಇಲ್ಲ. ಎರಡನೂ ಮರೀಬ್ಯಾಡ್ರಿ."

ಗುರುವಾರ ಬೆಳಿಗ್ಗೆ ನಾವು ಆ ಊರಿಗೆ ಹೋದೆವು. ಊರಿನ ಹೆಸರು ಬರೆಯುವುದಿಲ್ಲ. ಗದಗ ತಾಲೂಕಿನ ತುದಿಯ ಹಳ್ಳಿ ಅದು. ಅದರ ಮಗ್ಗುಲಲ್ಲಿ ಒಂದು ಹಳ್ಳ, ಹಳ್ಳದ ಆ ದಂಡೆಗೆ ಇನ್ನೊಂದು ಊರು. ಈ ದಂಡೆ ಮೊದಲಿನಿಂದಲೂ ಪ್ರಾಂತದ್ದು. ಆ ದಂಡೆ ಲಕ್ಷ್ಮೇಶ್ವರದ ಕಡೆಯದು, ಮೊನ್ನೆಮೊನ್ನೆಯವರೆಗೆ ಸಂಸ್ಥಾನದ್ದು. ಬೇಸಿಗೆಯಲ್ಲಿ ಹಳ್ಳ ಎಂದರೆ ಬರೀ ಮರಳು. ಎರಡೂ ಊರಿನವರು ಆ ಮರಳಿನಲ್ಲಿ ಮೊಳದಾಳದ ಗುಂಡಿ ತೋಡಿ, ಒಸರುವ ನೀರನ್ನು ಚರಿಗೆಯಿಂದ ಮೊಗೆದು ಕೊಡ ತುಂಬುತ್ತಿದ್ದರು. ಆ ಗುಂಡಿಗೆ ವರ್ತಿ ಎನ್ನುತ್ತಾರೆ. ಈ ಊರಿನ ವರ್ತಿಗೂ ಆ ಊರಿನ ವರ್ತಿಗೂ ಇಪ್ಪತ್ತು ಹೆಜ್ಜೆ ಅಂತರ.

ಈಚೆಯ ಊರಲ್ಲಿ ಅಷ್ಟು ಹೊತ್ತಿಗೆ ಇಬ್ಬರು ತೀರಿಕೊಂಡಿದ್ದರು. ಚಾವಡಿಯ ಕಟ್ಟೆಯ ಮೇಲೆ ಗಂಡಸರ ಸಾಲು ಇನ್ಸ್‌ಪೆಕ್ಟರರ ಮುಂದೆ. ಹಿಂದಿನ ಪಡಸಾಲೆಯಲ್ಲಿ ಗೋಣಿತಟ್ಟು ಇಳಿಬಿಟ್ಟು ಮರೆಮಾಡಿ ಹೆಂಗಸರ ಸಾಲು ನನ್ನ ಮುಂದೆ. ನನ್ನ ಬಳಿ ಎರಡು ಸಿರಿಂಜು, ಆರು ಸೂಜಿ. ಸ್ಪಿರಿಟ್ ಒಲೆಯ ಮೇಲೆ ನೀರು ಕುದಿಯುತ್ತಲೇ ಇರಬೇಕು. ಮೂರು ಸೂಜಿ ಕುದಿಯುವಾಗ ಮೂರರಲ್ಲಿ ಕೆಲಸ. ಸಿಪಾಯಿ ಮರೆಯ ಹೊರಗೆ ನಿಂತು ಹೆಸರು ಕೂಗುತ್ತಿದ್ದ. ಹೆಂಗಸರು ಗಂಡನ ಹೆಸರು ಹೇಳಲು ನಾಚಿ ಪಕ್ಕದವಳ ಕಿವಿಯಲ್ಲಿ ಉಸುರಿ, ಅವಳಿಂದ ಹೇಳಿಸುತ್ತಿದ್ದರು. ಆ ಗದ್ದಲದಲ್ಲಿ ಒಮ್ಮೊಮ್ಮೆ ಹೆಸರಿಗಿಂತ ಮೊದಲು ತೋಳೇ ಮುಂದೆ ಬಂದುಬಿಡುತ್ತಿತ್ತು.

ಹಾಗೆ ಬಂದ ಒಂದು ತೋಳಿಗೆ ನಾನು ಸ್ಪಿರಿಟ್ ಒರೆಸಿಯಾಗಿತ್ತು. ತಲೆಯೆತ್ತಿ ನೋಡಿದರೆ ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಹೊಟ್ಟೆ ಮುಂದೆ ಬಂದಿತ್ತು. ಅವಳ ಬೆನ್ನಿಗೆ ಕೈಕೊಟ್ಟು ಒಬ್ಬ ಮುದುಕಿ ನಿಂತಿದ್ದಳು.

"ಎಷ್ಟ ತಿಂಗಳ?" ಎಂದೆ.

"ಎಂಟ ತುಂಬೇತ್ರಿ," ಎಂದಳು ಮುದುಕಿ. "ಸೂಜಿ ಬಸರಿಗೆ ನಡೀತೈತೇನ್ರಿ ಬಾಯಾರ?"

"ನಡೀತದ. ಒಂದಿನ ಜ್ವರ ಬರಬಹುದು, ಅಷ್ಟ. ಹೆಸರೇನು? ಯಾರ ಮನಿ?"

ಹುಡುಗಿ ಹೆಸರು ಹೇಳಿದಳು. ರಿಜಿಸ್ಟರಿನಲ್ಲಿ ಬೆರಳಾಡಿಸಿದೆ. ಸಿಗಲಿಲ್ಲ.

"ನಮ್ಮದು ಆಚಿ ಊರ್ರೀ," ಎಂದಳು ಮುದುಕಿ. "ಪಿಂಜಾರರ ಮನಿ. ಇಕಿ ನನ್ನ ಸೊಸಿ."

ಆ ಮುದುಕಿಯನ್ನು ಆಗಲೇ ಸಾಲಿನವರೆಲ್ಲ "ಆಯಿ, ಈ ಕಡೆ ಬಾ, ನೆರಳಿಗೆ ನಿಲ್ಲು" ಎಂದು ಕರೆಯುತ್ತಿದ್ದರು. ಆಚೆಯ ಊರಿನ ಸೂಲಗಿತ್ತಿ ಅವಳು. ಈಚೆಯ ಊರಿನ ಅರ್ಧ ಮಕ್ಕಳನ್ನೂ ಅವಳೇ ಎತ್ತಿಕೊಂಡಿದ್ದಳಂತೆ. ಮನೆಯ ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ಅವಳ ಸೀರೆಯ ಸೆರಗಿನಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು.

ನಾನು ಮರೆಯಿಂದ ಹೊರಗೆ ಹೋಗಿ ಇನ್ಸ್‌ಪೆಕ್ಟರರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಆಚಿ ಊರು ನಮ್ಮ ಯಾದಿಯೊಳಗ ಇಲ್ಲ. ಒಬ್ಬಾಕಿಗೆ ಹಾಕಿದ್ರ ಊರಿಗೆ ಊರೇ ಹಳ್ಳ ದಾಟಿ ಬರ್ತದ. ಆಗ ಇಲ್ಲಿ ಅರ್ಧ ಮಂದಿಗೆ ಸಾಲೂದಿಲ್ಲ. ಇವತ್ತ ಬರದು ಕಳಸ್ತೇನಿ. ಎರಡು ದಿನದಾಗ ಹುಕುಂ ಬರ್ತದ. ಹಂಗ ಹೇಳ್ರಿ."

ಹಾಗೆಯೇ ಹೇಳಿದೆ. ಸೊಸೆ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆಯಿ ಜಗಳವಾಡಲಿಲ್ಲ. "ನೀರ ಒಂದ ಹಳ್ಳದ್ದ ಕುಡೀತೀವ್ರಿ," ಎಂದಳು, ಅಷ್ಟೇ. ಇಬ್ಬರೂ ಬಿಸಿಲಿನಲ್ಲಿ ಮರಳು ದಾಟಿ ಹೋದರು. ಸಾಲಿನ ಮುಂದಿನವಳು ತೋಳು ಚಾಚಿದಳು. ನಾನು ಕೆಲಸ ಮುಂದುವರಿಸಿದೆ.

ಇನ್ಸ್‌ಪೆಕ್ಟರು ಮಾತಿಗೆ ತಪ್ಪುವವರಲ್ಲ. ಅಂದೇ ಧಾರವಾಡದ ಮೇಲಧಿಕಾರಿಗೆ ಒಂದು ಪತ್ರ ಬರೆದು, ಅದರ ನಕಲು ಹಿಡಿದು ಮರುದಿನ ಲಕ್ಷ್ಮೇಶ್ವರಕ್ಕೆ ಹೊರಟರು. ನನ್ನನ್ನೂ ಗಾಡಿಯಲ್ಲಿ ಕರೆದುಕೊಂಡು ಹೋದರು. ಅಲ್ಲಿಯ ಕಚೇರಿಯಲ್ಲಿ ಕಡತಗಳನ್ನೆಲ್ಲ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಗೆ ಒಟ್ಟಿದ್ದರು. ಒಬ್ಬ ಕಾರಕೂನರು ಕುರ್ಚಿ ಮೇಜುಗಳ ಯಾದಿ ಮಾಡುತ್ತಿದ್ದರು. ಹಳೆಯ ಅಧಿಕಾರಿ ಕಾಗದಪತ್ರ ಒಪ್ಪಿಸಿ ಹೋಗಿಯಾಗಿತ್ತು. ಹೊಸಬರು ಇನ್ನೂ ಬಂದಿರಲಿಲ್ಲ.

"ಯಾರ ಸಹಿ ಮಾಡಬೇಕ್ರಿ ಇದಕ್ಕ?" ಎಂದರು ಕಾರಕೂನರು ನಮ್ಮ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ. "ಮೊದಲಿನ ಸಾಹೇಬರ ಸಹಿ ಈಗ ನಡಿಯೂದಿಲ್ಲ. ನಾನು ಮಾಡಿದ್ರ ನೀವ ಒಪ್ಪೂದಿಲ್ಲ. ಸೋಮವಾರ ಬರ್ತಾರಂತ ಖಬರ ಐತಿ. ಇಟಗೊಂಡು ಕುಂಡ್ರತೀನಿ, ಬಂದ ಕೂಡಲೆ ಮೊದಲ ಇದನ್ನ ಮುಂದಿಡ್ತೀನಿ."

ಅವರು ಒಳ್ಳೆಯವರು. ನಮಗೆ ನೀರು ತರಿಸಿಕೊಟ್ಟು, ಕುದಿಸಿದ ನೀರೇ ಎಂದು ಎರಡು ಸಲ ಹೇಳಿದರು. ಅಲ್ಲಿಂದ ದವಾಖಾನೆಗೆ ಹೋದೆವು. ದವಾಖಾನೆಯ ಡಾಕ್ಟರು ನಡುವಯಸ್ಸಿನವರು, ಮೂರು ದಿನದಿಂದ ಕ್ಷೌರವಿಲ್ಲದ ಮುಖ.

"ಲಸಿಕಿ ನನ್ನ ಹತ್ರ ಒಂದ ಹನಿ ಇಲ್ಲ," ಎಂದರು. "ಮೊದಲ ಸಂಸ್ಥಾನ ಬ್ಯಾರೆ ತರಸ್ತಿತ್ತು. ಈಗ ಯಾರಿಗೆ ಬರದು ತರಸಬೇಕು ನನಗ ತಿಳೀವಲ್ದು. ಬ್ಲೀಚಿಂಗ್ ಪೌಡರ್ ಐತಿ, ಸಲೈನ್ ನಾಕ ಬಾಟ್ಲಿ ಐತಿ. ಪೌಡರ್ ಒಯ್ರಿ. ಯಾರಿಗರ ಭಾಳ ಆದ್ರ ಮನಶ್ಯಾನ್ನ ಕಳಸ್ರಿ, ಯಾವ ದಂಡಿಗೆ ಅಂತ ಕೇಳೂದಿಲ್ಲ, ಬರ್ತೀನಿ."

ಎರಡು ಡಬ್ಬಿ ಪೌಡರು ಗಾಡಿಗೆ ಹಾಕಿಕೊಂಡು ಬಂದೆವು. ಇನ್ಸ್‌ಪೆಕ್ಟರು ದಾರಿಯಲ್ಲಿ ಒಂದೇ ಮಾತು ಆಡಿದರು: "ಪೌಡರಿಗೆ ಹಳ್ಳ ದಾಟಾಕ ಪರವಾನಗಿ ಬೇಕಾಗಲಿಲ್ಲ, ನೋಡ್ರಿ."

ಶನಿವಾರ, ರವಿವಾರ ನೀರಿನ ಕೆಲಸ. ಈಚೆಯ ಊರಿಗೆ ಒಂದು ಸೇದುವ ಬಾವಿ ಇತ್ತು. ಬಾವಿಯ ಅಗಲ, ನೀರಿನ ಆಳ ಅಳೆದು, ಲೆಕ್ಕಕ್ಕೆ ತಕ್ಕಷ್ಟು ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಬಾವಿಯೊಳಗೆ ಇಳಿಸಿ ಕೊಡದಿಂದ ಹತ್ತಿಪ್ಪತ್ತು ಸಲ ಕದಡಬೇಕು. ಆಮೇಲೆ ಅರ್ಧ ತಾಸು ಯಾರೂ ಸೇದಬಾರದು. ವರ್ತಿಯಲ್ಲಿ ಇದಾವುದೂ ನಡೆಯುವುದಿಲ್ಲ. ಹಾಕಿದ ಔಷಧ ಮರಳಿಗೆ ಇಳಿದು, ಹೊಸ ನೀರು ಒಸರಿ ಬರುತ್ತದೆ. ಹಾಗಾಗಿ ಈಚೆಯ ವರ್ತಿಗಳನ್ನೆಲ್ಲ ಮುಚ್ಚಿಸಿ, ಎಲ್ಲರೂ ಬಾವಿಗೇ ಹೋಗಬೇಕೆಂದು ಡಂಗುರ ಹೊಡೆಸಿದೆವು. ಆಚೆಯ ಊರಲ್ಲಿ ಬಾವಿ ಇರಲಿಲ್ಲ. ಅವರ ವರ್ತಿಗಳು ಹಾಗೆಯೇ ಉಳಿದವು. ಮುಚ್ಚಿಸಲು ನಮಗೆ ಅಧಿಕಾರವಿಲ್ಲ. ಮುಚ್ಚಿಸಿದರೆ ಅವರಿಗೆ ಬೇರೆ ನೀರೂ ಇಲ್ಲ.

ರವಿವಾರ ಆಚೆಯ ಊರಿನಿಂದ ಒಂದು ಹೆಣ ಹೋಯಿತು. ಸೋಮವಾರ ಎರಡು. ಈ ದಂಡೆಯಲ್ಲಿ ಚೀಲ ಹಿಡಿದು ನಿಂತ ನನಗೆ ಅಳುವ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಆಯಿ ಮನೆಮನೆಗೆ ಹೋಗಿ ರೋಗಿಗಳನ್ನು ತೊಳೆಯುತ್ತಿದ್ದಾಳೆ ಎಂದು ನೀರಿಗೆ ಬಂದವರು ಹೇಳಿದರು. ಲಕ್ಷ್ಮೇಶ್ವರಕ್ಕೆ ಹೊಸ ಅಧಿಕಾರಿ ಸೋಮವಾರ ಬರಲಿಲ್ಲ. ಧಾರವಾಡದಿಂದ ಟಪಾಲೂ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಇನ್ಸ್‌ಪೆಕ್ಟರು ಊಟಕ್ಕೆ ಕೂತವರು ರೊಟ್ಟಿ ಮುರಿದು ಹಾಗೆಯೇ ಕೈ ನಿಲ್ಲಿಸಿದರು. ಎದುರಿಗೆ ಊರಗೌಡರಿದ್ದರು.

"ಗೌಡ್ರ, ಈ ಊರಿನವರು ಹೆಣ್ಣ ಕೊಡೂದು ತರೂದು ಎಲ್ಲಿ?"

"ಮುಕ್ಕಾಲು ಆಚಿ ಊರಾಗ್ರಿ. ಮತ್ತೆಲ್ಲಿ ಹೋಗೋಣ?"

"ಹಂಗಾರ ಅಲ್ಲಿ ಮಂದಿ ನಿಮಗ ಬೀಗರು."

"ಬೀಗರ ಹೌದ್ರಿ."

"ಊರಿಗೆ ಬೀಗರು ಬಂದ್ರ, ಬಂದವರಿಗೂ ಸೂಜಿ ಹಾಕಬೇಕು ಅಂತ ನಿಯಮ ಅದ. ಹೊರಗಿಂದ ಬಂದು ತಂಗಿದವರ ಮೂಲಕ ಬ್ಯಾನಿ ಹರಡಬಾರದಲ್ಲ, ಅದಕ್ಕ." ಅವರು ರಿಜಿಸ್ಟರು ತೆಗೆದು ಹೊಸ ಹಾಳೆಗೆ ಗೆರೆ ಎಳೆದರು. ಮೇಲೆ ದುಂಡಗೆ ಬರೆದರು: ಊರಿಗೆ ಬಂದ ಬೀಗರು. "ನಾಳೆ ಮುಂಜಾನೆ ಬೀಗರು ಬರಲಿ. ಯಾರ ಮನಿಗೆ ಬಂದಾರ ಅನ್ನೂದು ನೀವು ಹೇಳ್ರಿ, ನಾನು ಬರೀತೇನಿ."

ಗೌಡರು ಬಗ್ಗಿ ಆ ಹಾಳೆಯನ್ನು ನೋಡಿದರು. "ನಾಳೆ ಮ್ಯಾಲಿನವರು ಕೇಳಿದ್ರ?"

"ಕೇಳತಾರ. ಕೇಳಿದಾಗ ಹೇಳೋಣಂತ."

ನನಗೆ ಆಗ ಹಿಗ್ಗಾಯಿತು. ಇದನ್ನು ಗುರುವಾರವೇ ಮಾಡಬಹುದಿತ್ತಲ್ಲ ಎಂಬ ಮಾತು ಅದರ ಹಿಂದೆಯೇ ಬಂತು. ಇನ್ಸ್‌ಪೆಕ್ಟರರಿಗೂ ಅದು ಹೊಳೆದಿರಬೇಕು. ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಅಂದು ಸಂಜೆ ಸಿಪಾಯಿಯನ್ನು ಗದಗಿಗೆ ಓಡಿಸಿ, ಮುಂದಿನ ಊರಿಗೆಂದು ಇಟ್ಟಿದ್ದ ಪೆಟ್ಟಿಗೆಯನ್ನೂ ತರಿಸಿದರು.

ಬುಧವಾರ ಬಿಸಿಲೇರುವ ಮೊದಲೇ ಆಚೆಯ ಊರಿನವರು ಹಳ್ಳದ ಮರಳಿನಲ್ಲಿ ಸಾಲಾಗಿ ಬಂದರು. ಗೌಡರು ದಂಡೆಯ ಮೇಲೆ ನಿಂತು ಒಬ್ಬೊಬ್ಬರನ್ನೂ "ಇಂವ ನನ್ನ ಅಳಿಯನ ಕಾಕಾ", "ಇಕಿ ನಮ್ಮ ವಾಲೀಕಾರನ ನಾದಿನಿ" ಎಂದು ಹೇಳುತ್ತ ಹೋದರು. ಸಂಬಂಧ ಸಿಗದವರಿಗೆ ಸಂಬಂಧ ಕಟ್ಟಿದರು. ಸಾಲಿನಲ್ಲಿ ಸ್ವಲ್ಪ ನಗುವೂ ಹುಟ್ಟಿತು. ಮನೆಯಲ್ಲಿ ಸಾವಾಗಿದ್ದವರೂ ಆ ನಗುವಿನಲ್ಲಿದ್ದರು.

ಆಯಿ ಸೊಸೆಯನ್ನು ಎಲ್ಲರಿಗಿಂತ ಮೊದಲು ತಂದು ಕೂರಿಸಿದಳು. ನಾನು ಮತ್ತೆ ಅದೇ ತೋಳಿಗೆ ಸ್ಪಿರಿಟ್ ಒರೆಸಿ ಸೂಜಿ ಹಾಕಿದೆ. ಹುಡುಗಿ ಕಣ್ಣು ಮುಚ್ಚಿ ತುಟಿ ಕಚ್ಚಿದಳು, ಆಮೇಲೆ, "ಇಷ್ಟೇನ್ರಿ?" ಎಂದು ನಕ್ಕಳು. "ಈ ಸೂಜಿ ಮೈಗೆ ಹಿಡಿಯಾಕ ಏಳೆಂಟ ದಿನ ಬೇಕು. ಅಲ್ಲೀತನಕ ಕುದಿಸಿದ ನೀರ ಕುಡಿ, ರೋಗದ ಮನಿಗೆ ಹೋಗಬ್ಯಾಡ," ಎಂದೆ. ಆಯಿಗೂ ತೋಳು ಚಾಚಲು ಹೇಳಿದೆ. ಒಂದು ಮನೆಯಲ್ಲಿ ಮಗುವಿಗೆ ರೋಗ ಜೋರಾಗಿದೆ, ಅಲ್ಲಿಗೆ ಹೋಗಿ ಬಂದು ಹಾಕಿಸಿಕೊಳ್ಳುತ್ತೇನೆ ಎಂದು ಹೊರಟುಹೋದವಳು ಅಂದು ಬರಲಿಲ್ಲ. ಆ ದಿನ, ಮರುದಿನ ಸೇರಿ ಆಚೆಯ ಊರಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಸೂಜಿಯಾಯಿತು. ಅವರ ವರ್ತಿ ಮುಚ್ಚಿಸಿ ಈಚೆಯ ಬಾವಿಯ ಹಗ್ಗ ಅವರಿಗೂ ಬಿಟ್ಟರು. ಗೌಡರು ಒಂದು ಮಾತಿನಿಂದ ಅದನ್ನು ಮಾಡಿಸಿದರು. ಅದಕ್ಕೂ ಯಾವ ಹುಕುಮೂ ಬೇಕಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಪಿಂಜಾರರ ಮನೆಯ ಹುಡುಗ, ಆ ಸೊಸೆಯ ಗಂಡ, ಹಳ್ಳದಲ್ಲಿ ಓಡುತ್ತ ಬಂದ. ಬೆಳಗಿನ ಜಾವದಿಂದ ಅವಳಿಗೆ ವಾಂತಿಭೇದಿ.

ಇನ್ಸ್‌ಪೆಕ್ಟರು ಸಿಪಾಯಿಗೆ ತಮ್ಮ ಸೈಕಲ್ ಕೊಟ್ಟು ಲಕ್ಷ್ಮೇಶ್ವರಕ್ಕೆ ಅಟ್ಟಿದರು. ನಾನು ಮೊದಲ ಬಾರಿ ಹಳ್ಳ ದಾಟಿದೆ. ಪಡಸಾಲೆಯಲ್ಲಿ ಅರ್ಧ ಹೊಲಿದ ಗಾದಿ, ಹತ್ತಿಯ ರಾಶಿ. ಒಳಗೆ ಬೂದಿ ಹರಡಿದ ನೆಲದ ಮೇಲೆ ಅವಳು ಮಲಗಿದ್ದಳು. ಬೆರಳ ತುದಿಗಳು ನೀರಿನಲ್ಲಿ ಬಹಳ ಹೊತ್ತು ನೆನೆದಂತೆ ಸುಕ್ಕಾಗಿದ್ದವು. ಕಣ್ಣುಗಳು ಒಳಗೆ ಹೋಗಿದ್ದವು. ನಾಡಿ ಬೆರಳಿಗೆ ಸಿಕ್ಕಂತಾಗಿ ಜಾರುತ್ತಿತ್ತು. ಈ ರೋಗಕ್ಕೆ ನೀರು ಕೊಡಬಾರದು ಎಂಬ ರೂಢಿ ಅಲ್ಲಿಯೂ ಇತ್ತು. ನಾನು ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ ಚಮಚೆಯಿಂದ ಕುಡಿಸಿದೆ. ಕುಡಿದದ್ದೆಲ್ಲ ಹೊರಗೆ ಬರುತ್ತಿತ್ತು. ಮತ್ತೆ ಕುಡಿಸಿದೆ. ಆಯಿ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. ಒಂದು ಹೊತ್ತಿನಲ್ಲಿ ಆ ಕೈಯನ್ನು ತೆಗೆದುಕೊಂಡಳು. ಒಳಗಿನ ಕೂಸಿನ ಮಿಸುಕಾಟ ನಿಂತಿದೆಯೆಂದು ನನಗೂ ತಿಳಿಯಿತು. ಇಬ್ಬರೂ ಹೆರಿಗೆಯ ಕೆಲಸದವರು.

ಡಾಕ್ಟರು ಸಿಪಾಯಿಯ ಸೈಕಲ್ಲಿನ ಹಿಂದೆ ತಮ್ಮ ಸೈಕಲ್ಲಿನಲ್ಲಿ ಬಂದರು. ಸಲೈನ್ ಬಾಟಲಿಗಳು ಚೀಲದಲ್ಲಿ ಬೆನ್ನಿಗೆ. ಹನ್ನೊಂದು ಹೊಡೆದಿತ್ತು. ಅಂಗಿ ಬೆವರಿನಿಂದ ಮೈಗಂಟಿತ್ತು. ನಾನು ರಬ್ಬರಿನ ನಳಿಗೆ, ಸೂಜಿ ಕುದಿಸಿಕೊಟ್ಟೆ. ಎರಡೂ ತೋಳಿನಲ್ಲಿ ನರ ಸಿಗಲಿಲ್ಲ. ಬತ್ತಿಹೋಗಿದ್ದವು. ಕಾಲಿನ ಹಿಮ್ಮಡಿಯ ಹತ್ತಿರ ಚರ್ಮ ಕೊಯ್ದು ನರ ಹುಡುಕಿ ಸೂಜಿ ಕೂರಿಸಿದರು. ಬಾಟಲಿಯನ್ನು ನಾನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಮೊದಲ ಬಾಟಲಿ ಇಳಿಯುವಷ್ಟರಲ್ಲಿ ಅವಳ ಮುಖಕ್ಕೆ ಬಣ್ಣ ಬಂತು. ಗಂಡನನ್ನು ಹೆಸರು ಹಿಡಿಯದೆ "ಊಟ ಆತೇನ?" ಎಂದು ಕೇಳಿದಳು. ಆಯಿ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಎರಡನೆಯ ಬಾಟಲಿಯ ಅರ್ಧಕ್ಕೆ ನಾಡಿ ಮತ್ತೆ ಬಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮುಗಿಯಿತು. ಡಾಕ್ಟರು ಸೂಜಿ ತೆಗೆದು, ಕೊಯ್ದ ಜಾಗಕ್ಕೆ ಅಚ್ಚುಕಟ್ಟಾಗಿ ಪಟ್ಟಿ ಕಟ್ಟಿದರು. ಉಳಿದ ಎರಡು ಬಾಟಲಿ ನನ್ನ ಕೈಗೆ ಕೊಟ್ಟು, "ನಿಮಗ ಬೇಕಾಗತಾವು, ಇಟಗೋರಿ," ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು.

ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಕಾಲರಾದಿಂದ ಸತ್ತವರ ಮೈ ತೊಳೆಯಬಾರದು, ಸುಣ್ಣ ಹಾಕಿ ಬೇಗ ಮಣ್ಣು ಮಾಡಬೇಕು ಎಂಬುದು ನಿಯಮ. ಅದನ್ನು ಮನೆಯವರಿಗೆ ಹೇಳಬೇಕಾಗಿತ್ತು. ಒಳಗಿನಿಂದ ಆಯಿಗೆ ಅದು ಕೇಳಿಸಿತು.

"ನನ್ನ ಕೂಸಿನ್ನ ನೀರ ಹಾಕದ ಕಳಸಂಗಿಲ್ಲರಿ. ಬಸರಿ ಅದಾಳ."

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. "ಪೌಡರಿನ ನೀರಾಗ ತೊಳಿಸೋಣ," ಎಂದೆ. "ಮನಿಯೊಳಗ ಬ್ಯಾಡ. ಹಿತ್ತಲದಾಗ ಕುಣಿ ತೋಡಸ್ರಿ, ನೀರ ಅದರಾಗ ಇಳೀಲಿ, ಆಮ್ಯಾಲೆ ಸುಣ್ಣ ಹಾಕಿ ಮುಚ್ಚಸೂಣು. ನಾನೂ ಕೈ ಹಚ್ಚತೇನಿ." ಅವರು ಒಪ್ಪಿದರು.

ಹಿತ್ತಲಲ್ಲಿ ನಾಲ್ಕು ಕಡೆ ಸೀರೆ ಕಟ್ಟಿ ಮರೆಮಾಡಿದರು. ಆಯಿ ಎಡಗಡೆ, ನಾನು ಬಲಗಡೆ. ಅವರ ರೂಢಿಯಂತೆ ಕರ್ಪೂರ ಬೆರೆಸಬೇಕಾದ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ. ಆಯಿ ಬಾಣಂತಿಗೆ ಎರೆಯುವವಳ ಹಾಗೆ ಅಂಗೈಯಿಂದ ತಡೆದು ತಡೆದು ನೀರು ಬಿಡುತ್ತಿದ್ದಳು. ತೋಳು ತೊಳೆಯುವಾಗ ಕೈ ನಿಲ್ಲಿಸಿದಳು. ಬುಧವಾರದ ಸೂಜಿಯ ಗುರುತು ಇನ್ನೂ ಕೆಂಪಾಗಿ ಇತ್ತು.

"ಬಾಯಾರ, ಖರೆ ಹೇಳ್ರಿ. ಮಂದಿ ಹೊರಗ ಅನ್ನಾಕ ಹತ್ಯಾರ, ಸೂಜಿ ಹಾಕಿದ್ದಕ್ಕ ಸತ್ತಳು ಅಂತ. ಬಸರಿಗೆ ಹಾಕಬಾರದಾಗಿತ್ತು ಅಂತ. ಹೌದೇನ್ರಿ?"

ಇಲ್ಲ ಎಂದು ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಆ ತೋಳನ್ನು ಹಿಡಿದುಕೊಂಡು ಅಷ್ಟು ಮಾತ್ರ ಹೇಳಿ ಸುಮ್ಮನಾಗಲು ನನ್ನಿಂದ ಆಗಲಿಲ್ಲ.

"ಸೂಜಿಯಿಂದ ಅಲ್ಲ, ಆಯಿ. ಸೂಜಿ ಹಾಕೂದರಾಗ ರೋಗ ಮೈಯಾಗ ಹೊಕ್ಕಿತ್ತು, ಇಲ್ಲಾ ಆಗ ಹೊಕ್ಕತು. ಸೂಜಿ ಮೈಗೆ ಹಿಡಿಯಾಕ ಏಳೆಂಟ ದಿನ ಬೇಕು. ಹಿಂದಿನ ಗುರುವಾರ ನೀವು ಕರಕೊಂಡು ಬಂದಾಗ ಹಾಕಿದ್ರ ಇವತ್ತಿಗೆ ಎಂಟ ದಿನ ಆಗತಿತ್ತು."

"ಹಾಕಿದ್ರ ಉಳೀತಿದ್ದಳು?"

"ಉಳೀತಿದ್ದಳು ಅಂತ ಹೇಳಾಕ ಬರೂದಿಲ್ಲ. ಉಳಿದಿರಬಹುದಾಗಿತ್ತು. ಸೂಜಿ ನನ್ನ ಕೈಯಾಗ ಇತ್ತು. ನಾನು ಹಾಕಲಿಲ್ಲ."

ಆಯಿ ಸೊಸೆಯ ತೋಳನ್ನು ನನ್ನ ಕೈಯಿಂದ ಬಿಡಿಸಿಕೊಂಡು ಉಳಿದದ್ದನ್ನೆಲ್ಲ ತಾನೊಬ್ಬಳೇ ತೊಳೆದಳು. ನಾನು ಚರಿಗೆಯಲ್ಲಿ ನೀರು ತುಂಬಿ ತುಂಬಿ ಕೊಟ್ಟೆ.

ಶನಿವಾರ ಹಳ್ಳದ ದಂಡೆಯಲ್ಲಿ ಯಾರೂ ಇರಲಿಲ್ಲ. ಆಚೆಯ ಊರಿನಲ್ಲಿ ಸೂಜಿಯಾಗದ ಜನ ಇನ್ನೂ ನೂರಕ್ಕೂ ಮೇಲ್ಪಟ್ಟು ಉಳಿದಿದ್ದರು. ಒಲೆ ಹಚ್ಚಿ, ಸೂಜಿ ಕುದಿಸಿ, ನಾವು ಕಾದೆವು. ಈಚೆಯ ಊರಿನವರೂ ನಮ್ಮ ಹತ್ತಿರ ಬರದೆ ದೂರದಿಂದ ಹಾದು ಹೋದರು. ಒಂಬತ್ತರ ಸುಮಾರಿಗೆ ಆ ದಂಡೆಯಲ್ಲಿ ಒಂದಿಷ್ಟು ಗಂಡಸರು ಕೂಡಿದರು. ಪಿಂಜಾರರ ಹುಡುಗ ಮುಂದೆ ಇದ್ದ. "ನಿಮ್ಮ ಔಷಧ ತಗೊಂಡು ನಡೀರಿ ಇಲ್ಲಿಂದ," ಎಂದು ಕೂಗಿದ. ಅವನ ಕೈಯಲ್ಲಿ ಏನೂ ಇರಲಿಲ್ಲ, ಆದರೂ ಸಿಪಾಯಿ ಪೆಟ್ಟಿಗೆಯ ಮುಂದೆ ಬಂದು ನಿಂತ. ಇನ್ಸ್‌ಪೆಕ್ಟರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತೇ ಇದ್ದರು.

ಆಯಿ ಗುಂಪಿನ ಹಿಂದಿನಿಂದ ಬಂದಳು. ಮಗನ ಹತ್ತಿರ ನಿಲ್ಲಲಿಲ್ಲ. ಮರಳು ದಾಟಿ ನೇರ ನನ್ನ ಮುಂದೆ ಬಂದು ಕಲ್ಲಿನ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ತೋಳು ತೆರೆದಳು. ಅಲ್ಲಿ ಮರೆಯಿರಲಿಲ್ಲ. ಗಂಡಸರೇ ಮುಖ ತಿರುಗಿಸಿದರು.

"ಹಾಕ್ರಿ," ಎಂದಳು.

ಕುದಿಯುವ ನೀರಿನಿಂದ ಸೂಜಿ ಎತ್ತಲು ಹೋದೆ. ಒಂದು ಸೂಜಿ ಕೆಳಗೆ ಬಿತ್ತು. ಇನ್ನೊಂದನ್ನು ತೆಗೆದು ಹಾಕಿದೆ. ಅವಳು ಎದ್ದು ಆ ದಂಡೆಗೆ ತಿರುಗಿದಳು.

"ಸೂಜಿ ಕೊಂದಿಲ್ಲ ನನ್ನ ಸೊಸೀನ. ಸೂಜಿ ತಡಾ ಮಾಡಿ ಬಂತು. ನಾ ಹೋಗಿ ಕೇಳಿದ್ದೆ, ಆ ಕಡೆ ಈ ಕಡೆ ಅಂತ ಹೇಳಿ ಕಳಿಸಿದ್ರು. ಈಗ ಬಂದೈತಿ. ಇನ್ನ ನೀವ ತಡಾ ಮಾಡಬ್ಯಾಡ್ರಿ." ಆಮೇಲೆ ಮಗನಿಗೆ, ಸಣ್ಣ ದನಿಯಲ್ಲಿ, ಆದರೆ ನಮಗೂ ಕೇಳುವಂತೆ: "ಬಾ, ತಮ್ಮಾ. ನನಗ ನೀನೊಬ್ಬಾವ ಉಳದೀದಿ."

ಅವನು ಬಹಳ ಹೊತ್ತು ನಿಂತೇ ಇದ್ದ. ಕೊನೆಗೆ ಬಂದು ಇನ್ಸ್‌ಪೆಕ್ಟರರ ಮುಂದೆ ಕೂತ. ಅವನ ಹಿಂದೆ ಒಬ್ಬ, ಅವನ ಹಿಂದೆ ಇಬ್ಬರು. ಸಂಜೆಯೊಳಗೆ ಪೆಟ್ಟಿಗೆ ಖಾಲಿಯಾಯಿತು.

ಆ ಊರಿನಲ್ಲಿ ಆಮೇಲೆ ಇನ್ನೂ ಇಬ್ಬರು ಸತ್ತರು. ಅಲ್ಲಿಗೆ ನಿಂತಿತು. ಮಂಗಳವಾರ ಹುಕುಂ ಬಂತು. ಒಂದೇ ದಿನ ಎರಡು ಕಡೆಯಿಂದ ಬಂತು, ಧಾರವಾಡದಿಂದಲೂ ಲಕ್ಷ್ಮೇಶ್ವರದಿಂದಲೂ. ಲಕ್ಷ್ಮೇಶ್ವರದ ಕಾರಕೂನರು ತಾವೇ ಗಾಡಿ ಮಾಡಿಕೊಂಡು ತಂದಿದ್ದರು. ಹಿಂದಿನ ಸಂಸ್ಥಾನದ ಹಳ್ಳಿಗಳಿಗೂ ಲಸಿಕೆ ಕೊಡತಕ್ಕದ್ದು, ಎರಡೂ ಕಡೆಯ ಸಿಬ್ಬಂದಿ ಪರಸ್ಪರ ಸಹಕಾರದಿಂದ ನಡೆದುಕೊಳ್ಳತಕ್ಕದ್ದು ಎಂದಿತ್ತು. ಅದರ ನಂತರ ಕೆಲಸ ಸರಾಗವಾಯಿತು. ಶಿರಹಟ್ಟಿಯ ಕಡೆಗೆ ನಮ್ಮ ಪೆಟ್ಟಿಗೆಗಳು ಹೋದವು, ಲಕ್ಷ್ಮೇಶ್ವರದ ಡಾಕ್ಟರು ಸೊರಟೂರಿನವರೆಗೂ ಬಂದು ರೋಗಿಗಳನ್ನು ನೋಡಿದರು. ಯಾರೂ ಯಾರ ಊರೆಂದು ಕೇಳಲಿಲ್ಲ. ಬೀಗರ ಹಾಳೆಯ ಬಗ್ಗೆ ಮೇಲಿನಿಂದ ವಿವರಣೆ ಕೇಳಿದರು. ಇನ್ಸ್‌ಪೆಕ್ಟರು ಬರೆದ ಉತ್ತರವನ್ನು ನನಗೆ ಓದಿ ತೋರಿಸಿದರು. ಆರು ದಿನ ಕಾದದ್ದು ತಮ್ಮ ತಪ್ಪು, ಆಮೇಲೆ ಹುಕುಮಿಗೆ ಕಾಯದೆ ಸೂಜಿ ಹಾಕಿಸಿದ್ದಕ್ಕೆ ಶಿಕ್ಷೆ ಇದ್ದರೆ ಒಪ್ಪುತ್ತೇನೆ ಎಂದಿತ್ತು. ಅದಕ್ಕೆ ಮರುತ್ತರ ಬಂದದ್ದು ನನಗೆ ಗೊತ್ತಿಲ್ಲ.

ಎರಡನೆಯ ಸೂಜಿಗೆ ನಾವು ಹೋದದ್ದು ಹತ್ತು ದಿನ ಕಳೆದ ಮೇಲೆ. ಈ ಸಲ ಆಚೆಯ ಊರಿನ ಗುಡಿಯ ಕಟ್ಟೆಯಲ್ಲೇ ಕೂತೆವು. ಅವರ ಹೆಸರುಗಳೆಲ್ಲ ಅವರದೇ ಊರಿನ ಹಾಳೆಯಲ್ಲಿದ್ದವು. ಆಯಿ ಎಲ್ಲರಿಗಿಂತ ಕೊನೆಗೆ ಬಂದಳು. ಸೂಜಿ ಹಾಕಿ ಹತ್ತಿ ಒತ್ತಿ ಹಿಡಿದು ನಾನು, "ಆಯಿ, ನನ್ನ ಮ್ಯಾಲ ಸಿಟ್ಟಿದ್ರ ಬೈದು ಬಿಡ್ರಿ," ಎಂದೆ.

"ಸಿಟ್ಟ ಐತಿರಿ," ಎಂದಳು ಆಯಿ. "ಇರ್ಲಿ ಬಿಡ್ರಿ. ನೀವು ಸುಳ್ಳ ಹೇಳಿದ್ರ ಇನ್ನೂ ಹತ್ತ ಮಂದಿ ಸಾಯತಿದ್ರು. ಅದೂ ಐತಿ, ಇದೂ ಐತಿ."

ಮೇಲಿನ ಓಣಿಯ ಒಬ್ಬಾಕೆಗೆ ಬೆಳಿಗ್ಗೆಯಿಂದ ಹೆರಿಗೆ ನೋವು, ಚೊಚ್ಚಲು. ಕರೆಯಲು ಬಂದ ಹೆಂಗಸು ಕಟ್ಟೆಯ ಕೆಳಗೆ ಕಾಯುತ್ತಿದ್ದಳು. ನನ್ನ ಚೀಲದಲ್ಲಿ ಹೆರಿಗೆಗೆ ಬೇಕಾದ ಕತ್ತರಿ, ದಾರ, ಸಾಬೂನು ಎಲ್ಲ ಇದ್ದವು.

"ನಾನೂ ಬರ್ಲೇನು?" ಎಂದೆ.

ಆಯಿ ಸೆರಗು ಸರಿಮಾಡಿಕೊಂಡು ನನ್ನ ಚೀಲವನ್ನೊಮ್ಮೆ ನೋಡಿದಳು.

"ಇವತ್ತ ಬ್ಯಾಡ್ರಿ," ಎಂದಳು. "ಇವತ್ತ ನಾ ಒಬ್ಬಾಕೀನ ಹೋಗತೀನಿ."

ಕತ್ತರಿ ಮತ್ತು ಸಾಬೂನನ್ನು ಮಾತ್ರ ಕೇಳಿ ತೆಗೆದುಕೊಂಡಳು. ಅವಳೂ ಕರೆಯಲು ಬಂದವಳೂ ಓಣಿಯ ತಿರುವಿನಲ್ಲಿ ಮರೆಯಾದರು. ನಾನು ಕಟ್ಟೆಯ ಮೇಲೆ ಕೂತು ಆಯಿಯ ಹೆಸರಿನ ಮುಂದೆ ಎರಡನೆಯ ಸೂಜಿ ಎಂದು ಬರೆದೆ. ಒಲೆ ಆರಿಸಿದೆ. ಇನ್ಸ್‌ಪೆಕ್ಟರು ಹೊರಡೋಣ ಎಂದರೂ ನಾನು ಏಳಲಿಲ್ಲ. ಅವರು ಒತ್ತಾಯ ಮಾಡದೆ ಪಕ್ಕದಲ್ಲಿ ಬಂದು ಕೂತರು. ಬಿಸಿಲು ಇಳಿಯುವ ಹೊತ್ತಿಗೆ ಮೇಲಿನ ಓಣಿಯಿಂದ ಕೂಸು ಅಳುವುದು ಕೇಳಿ ಬಂತು. ಆಮೇಲೆ ನಾವು ಗಾಡಿ ಕಟ್ಟಿಸಿದೆವು.